ಉಪ್ಪು, ಮೆಣಸು, ಹತ್ತಿ: ಗೋಕರ್ಣ–ಕುಮಟಾ ದಾರಿಯ ಅರ್ಧ ದಿನದ ಪ್ರವಾಸ ಪಾಠ



"ದೇಶ ಸುತ್ತು, ಕೋಶ ಓದು" ಅನ್ನೋ ಗಾದೆ ನಮಗೆಲ್ಲ ಬಾಯಿಪಾಠ ಐತಿ. ಆದರೆ ದೇಶ ಸುತ್ತುವಾಗ ಏನು ನೋಡಬೇಕು, ಏನು ಕೇಳಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ನಾವೇ ಕಲಿಯಬೇಕು.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಜನ ಸಮುದ್ರ ಅಂದ ಕೂಡಲೇ ನೆನೆಸುವುದು ಗೋಕರ್ಣವನ್ನು. ಮೂರು ನಾಲ್ಕು ಮನೆಯವರು ಕೂಡಿ ಬಾಡಿಗೆ ಗಾಡಿ ಮಾಡುತ್ತಾರೆ. ರೊಟ್ಟಿ ಬುತ್ತಿ ಕಟ್ಟಿಕೊಂಡು ರಾತ್ರಿ ಬಿಟ್ಟರೆ ಬೆಳಗಿಗೆ ಗೋಕರ್ಣ. ಸಮುದ್ರಸ್ನಾನ, ಮಹಾಬಲೇಶ್ವರನ ದರ್ಶನ, ಊಟ. ಆಮೇಲೆ "ಇನ್ನೇನೈತಿ ಇಲ್ಲಿ ನೋಡೋದು, ನಡೀರಿ ಊರಿಗೆ" ಅಂತ ಗಾಡಿ ತಿರುಗಿಸಿಬಿಡುತ್ತಾರೆ.

ಆ ಉಳಿದ ಅರ್ಧ ದಿನದಲ್ಲಿ ಏನು ನೋಡಬಹುದು ಎಂಬುದೇ ಈ ಪಾಠದ ವಿಷಯ. ಗೋಕರ್ಣದಿಂದ ಕುಮಟಾ ಸುಮಾರು ೩೦–೩೫ ಕಿಲೋಮೀಟರ್. ಆ ದಾರಿಯಲ್ಲಿ ಮೂರು ಜಾಗಗಳಿವೆ. ಮೂರೂ ಜಾಗ ಮೂರು ಸರಕಿನ ಕತೆ ಹೇಳುತ್ತವೆ: ಸಾಣಿಕಟ್ಟಾ ಉಪ್ಪಿನ ಕತೆ, ಮಿರ್ಜಾನ ಕೋಟೆ ಮೆಣಸಿನ ಕತೆ, ಕುಮಟಾ ಬಂದರು ಹತ್ತಿಯ ಕತೆ. ಮೂರನೆಯ ಕತೆ ಹುಟ್ಟಿದ್ದು ಸಮುದ್ರದ ದಂಡೆಯ ಮೇಲಲ್ಲ, ನಮ್ಮ ಎರಿ ಹೊಲದಾಗ.

ಪ್ರತಿ ಜಾಗದಲ್ಲೂ ಮೂರು ಪ್ರಶ್ನೆ ಕೇಳಿರಿ. ಇಲ್ಲಿಗೆ ಏನು ಬರುತ್ತಿತ್ತು? ಎಲ್ಲಿಂದ ಬರುತ್ತಿತ್ತು? ಎಲ್ಲಿಗೆ ಹೋಗುತ್ತಿತ್ತು? ಯಾವ ರಾಜ, ಯಾವ ಇಸವಿ ಎಂಬುದನ್ನು ಪುಸ್ತಕ ಹೇಳುತ್ತದೆ. ಈ ಮೂರು ಪ್ರಶ್ನೆ ಕೇಳಿದರೆ ರೈತ, ಗಾಡಿಯವ, ನಾವೆಯವ, ಕೂಲಿಯವ ಎಲ್ಲರೂ ಇತಿಹಾಸದೊಳಗೆ ಬರುತ್ತಾರೆ.

೧. ಗಾಡಿ ಮತ್ತು ದಾರಿ

ಬಾಡಿಗೆ ಗಾಡಿಯವರ ಜೊತೆ ಮಾತು ಮೊದಲೇ ಮುಗಿಯಬೇಕು. ಕಿಲೋಮೀಟರಿಗೆ ಎಷ್ಟು, ಡ್ರೈವರ್ ಭತ್ತೆ ಎಷ್ಟು, ಟೋಲ್ ಯಾರು ಕೊಡೋದು ಅಂತ ಹಿರಿಯರು ಕೇಳಿಕೊಳ್ಳಲಿ. ದಾರಿಯನ್ನೂ ಆಗಲೇ ಹೇಳಬೇಕು. ಇಲ್ಲದಿದ್ದರೆ ನಡುದಾರಿಯಲ್ಲಿ ಡ್ರೈವರ್ ಅಣ್ಣನ ಜೊತೆ ತಕರಾರು ಆಗ್ತೈತಿ.

ಹೋಗುವಾಗ ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ ಘಟ್ಟ, ಅಂಕೋಲಾ ಮೇಲೆ ಗೋಕರ್ಣಕ್ಕೆ ಇಳಿಯಿರಿ. ಬರುವಾಗ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ, ಶಿರಸಿ, ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಬನ್ನಿರಿ. ಹೀಗೆ ಹೇಳಲು ಕಾರಣವಿದೆ. ಅದು ಮುಂದೆ ತಿಳಿಯುತ್ತದೆ.

ಮಳೆಗಾಲದಲ್ಲಿ ಈ ಪ್ರವಾಸ ಬ್ಯಾಡ. ೨೦೨೪ರ ಜುಲೈ ತಿಂಗಳಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತದ್ದನ್ನು ನಾವು ಕೇಳಿದ್ದೇವೆ. ಬೇರೆ ದಿನಗಳಲ್ಲೂ ಘಟ್ಟದ ರಸ್ತೆ ತೆರೆದೈತೋ ಇಲ್ಲೋ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಫೆಬ್ರುವರಿಯಿಂದ ಬೇಸಿಗೆಯವರೆಗೆ ಹೋದರೆ ಉಪ್ಪು ತೆಗೆಯುವುದನ್ನೂ ನೋಡಬಹುದು.

೨. ಸಾಣಿಕಟ್ಟಾ: ಉಪ್ಪು

ಗೋಕರ್ಣದಿಂದ ಹೆದ್ದಾರಿಯ ಕಡೆಗೆ ಬರುವಾಗ ಸಾಣಿಕಟ್ಟಾ ಸಿಗುತ್ತದೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಬದಿಗೆ ಇರುವ ಊರು. ಇಲ್ಲಿ ನೆಲವನ್ನು ನಮ್ಮ ಹೊಲದ ಮಡಿಗಳಂತೆ ಚೌಕ ಚೌಕ ಮಾಡಿದ್ದಾರೆ. ಇವೇ ಉಪ್ಪಿನ ಆಗರಗಳು.

ಕೆಲಸ ನಡೆಯುವ ರೀತಿ ಹೀಗಿದೆ. ಸಮುದ್ರಕ್ಕೆ ಭರತ ಬಂದಾಗ ಉಪ್ಪುನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟುಕೊಳ್ಳುತ್ತಾರೆ. ಬಿಸಿಲಿಗೆ ನೀರು ಆವಿಯಾದಂತೆ ಒಂದು ಮಡಿಯಿಂದ ಇನ್ನೊಂದು ಮಡಿಗೆ ಹರಿಸುತ್ತಾರೆ. ಮುಂದಿನ ಮಡಿಗೆ ಹೋದಷ್ಟೂ ನೀರಿನ ಉಪ್ಪಿನಂಶ ಹೆಚ್ಚುತ್ತದೆ. ಕೊನೆಯ ಮಡಿಯಲ್ಲಿ ಉಪ್ಪು ಹರಳುಗಟ್ಟುತ್ತದೆ. ಅದನ್ನು ಬಳಿದು ಗುಡ್ಡೆ ಹಾಕುತ್ತಾರೆ. ವಿಜ್ಞಾನದ ಪುಸ್ತಕದಲ್ಲಿ ಓದಿದ "ಆವೀಕರಣ" ಮತ್ತು "ಸ್ಫಟಿಕೀಕರಣ" ಎರಡೂ ಇಲ್ಲಿ ಕಣ್ಣಿಗೆ ಕಾಣುತ್ತವೆ. ಆಗರದ ಬದುವಿನ ಮೇಲೆ ಹೋಗುವ ಮುನ್ನ ಅಲ್ಲಿ ದುಡಿಯುವವರನ್ನು "ಬರಬಹುದೇನ್ರಿ?" ಅಂತ ಕೇಳಿರಿ. ಅದು ಅವರ ಹೊಲ ಇದ್ದಂಗ.

ಈ ಕರಾವಳಿಯ ಉಪ್ಪು ಘಟ್ಟ ಹತ್ತಿ ಬಯಲುಸೀಮೆಗೆ ಬರುತ್ತಿತ್ತು. ಚಕ್ಕಡಿ ಹೋಗುವಂಥ ರಸ್ತೆ ಆಗುವ ಮೊದಲು ಎತ್ತುಗಳ ಬೆನ್ನ ಮೇಲೆ ಹೇರು ಹಾಕಿ ತರುತ್ತಿದ್ದರು. ಹಿಂಡು ಹಿಂಡು ಎತ್ತು ಹೊಡೆದುಕೊಂಡು ಉಪ್ಪು, ಕಾಳುಕಡಿ ಸಾಗಿಸುವುದರಲ್ಲಿ ಲಮಾಣಿ ಜನ ಹೆಸರಾಗಿದ್ದರು. "ಲವಣ" ಎಂಬ ಮಾತಿನಿಂದಲೇ ಲಂಬಾಣಿ ಎಂಬ ಹೆಸರು ಬಂತು ಎಂದು ಹೇಳುವವರೂ ಇದ್ದಾರೆ. ನಮ್ಮ ಕಡೆಯ ತಾಂಡಾಗಳ ಗೆಳೆಯರು ತಮ್ಮ ಹಿರಿಯರನ್ನು ಕೇಳಿ ಬರೆದರೆ ಈ ಗೋಡೆಗೆ ಇನ್ನೊಂದು ಒಳ್ಳೆಯ ಲೇಖನ ಆಗ್ತದ.

ಉಪ್ಪಿನ ಮೇಲೆ ಬ್ರಿಟಿಷ್ ಸರಕಾರ ತೆರಿಗೆ ಹಾಕಿತ್ತು. ಸಮುದ್ರದ ನೀರು ಎಲ್ಲರದು, ಆದರೆ ಅದರಿಂದ ಉಪ್ಪು ಮಾಡುವುದು ಅಪರಾಧ! ಗಾಂಧೀಜಿ ದಾಂಡಿಯಲ್ಲಿ ಕಾಯದೆ ಮುರಿದ ಮುಂದಿನ ವಾರವೇ, ೧೯೩೦ರ ಏಪ್ರಿಲ್ ೧೩ರಂದು, ಅಂಕೋಲಾದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ನಾವು ಹೋಗುವಾಗ ದಾಟಿ ಬಂದ ಅಂಕೋಲಾ ಅದೇ.

೩. ಮಿರ್ಜಾನ: ಮೆಣಸು

ಗೋಕರ್ಣದಿಂದ ಸುಮಾರು ೨೧ ಕಿಲೋಮೀಟರ್, ಕುಮಟಾದಿಂದ ೧೧ ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಯ ಮಗ್ಗುಲಿಗೇ ಮಿರ್ಜಾನ ಕೋಟೆ ಇದೆ. ಸುಮಾರು ೧೦ ಎಕರೆ ವಿಸ್ತಾರ. ಎತ್ತರದ ಗೋಡೆ, ದುಂಡನೆಯ ಬುರುಜು, ಸುತ್ತಲೂ ಕಂದಕ, ಒಳಗೆ ಬಾವಿಗಳು. ಬಾವಿಯ ನೀರಿಗೂ ಕಂದಕಕ್ಕೂ ಕಾಲುವೆಯ ಸಂಪರ್ಕ ಮಾಡಿದ್ದನ್ನು ಗಮನಿಸಿರಿ.

ಮೊದಲು ಕಲ್ಲು ಮುಟ್ಟಿ ನೋಡಿರಿ. ಇದು ಕೆಂಪಗಿನ, ತೂತು ತೂತಿನ ಚಿರೆಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಆರಿದ ಮೇಲೆ ಗಟ್ಟಿಯಾಗುತ್ತದೆ. ಆದರೆ ಮೈಯೆಲ್ಲ ತೂತು ಇರುವುದರಿಂದ ಇದರಲ್ಲಿ ಸಣ್ಣ ಕೆತ್ತನೆ ಬರೋದಿಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಲ್ಲು ನುಣುಪಾದ ಬಳಪದ ಕಲ್ಲು. ಅದಕ್ಕೇ ಕಲ್ಯಾಣದ ಚಾಲುಕ್ಯರ ಕಾಲದ ಆ ಗುಡಿಯಲ್ಲಿ ಕಂಬ ತಿರುವಿದ್ದೂ, ಗೊಂಬೆ ಕೆತ್ತಿದ್ದೂ ಅಷ್ಟು ನಯವಾಗಿದೆ. ಕೋಟೆಯ ಗೋಡೆ ಬೋಳಾಗಿದೆ ಅಂತ ಅದನ್ನು ಕಡಿಮೆ ಅಂದುಕೊಳ್ಳಬಾರದು. ಊರಿಗೆ ಸಿಕ್ಕ ಕಲ್ಲಿನಂತೆ ಕಟ್ಟಡ.

ಈ ಕೋಟೆಯ ಹೆಸರಿನ ಜೊತೆ ಜನ ಹೇಳುವ ಹೆಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. ಆಕೆ ೧೬ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಜೈನ ರಾಣಿ. ೫೪ ವರ್ಷ ಆಳಿದಳು ಎಂದು ಹೇಳುತ್ತಾರೆ. ಪೋರ್ತುಗೀಸರು ಆಕೆಯನ್ನು "ರೈನಾ ದ ಪಿಮೆಂಟಾ", ಅಂದರೆ "ಮೆಣಸಿನ ರಾಣಿ" ಅಂತ ಕರೆದರು. ಇಲ್ಲಿ ಮೆಣಸು ಅಂದರೆ ಕರಿಮೆಣಸು, ನಮ್ಮ ಮೆಣಸಿನಕಾಯಿ ಅಲ್ಲ. ಘಟ್ಟದ ಮೇಲಿನ ಅಡಿಕೆ ತೋಟಗಳಲ್ಲಿ ಬೆಳೆದ ಮೆಣಸು ಕೆಳಗಿಳಿದು, ನದಿಯ ಮೂಲಕ ಸಮುದ್ರ ಸೇರಿ, ಯುರೋಪು ಅರೇಬಿಯಾಗಳಿಗೆ ಹೋಗುತ್ತಿತ್ತು. ಆಕೆಯ ರಾಜ್ಯ ಸಣ್ಣದು. ಆದರೂ ಮೆಣಸಿನ ದಾರಿ ಆಕೆಯ ಕೈಯಲ್ಲಿ ಇದ್ದುದರಿಂದ ಪೋರ್ತುಗೀಸರಂಥವರೂ ಆಕೆಯನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕ ಆಕೆಯ ರಾಜ್ಯವನ್ನು ಗೆದ್ದುಕೊಂಡನು.

೨೦೦೦–೦೧ರಲ್ಲಿ ಪುರಾತತ್ವ ಇಲಾಖೆಯವರು ಇಲ್ಲಿ ಅಗೆದಾಗ ಫಿರಂಗಿ ಗುಂಡು, ಚೀನಾದ ಪಿಂಗಾಣಿ ಚೂರು, ಪೋರ್ತುಗೀಸರ ಚಿನ್ನದ ನಾಣ್ಯ ಸಿಕ್ಕವು. ಚೀನಾದ ಬಟ್ಟಲು ಅಘನಾಶಿನಿಯ ದಂಡೆಗೆ ಹ್ಯಾಂಗ ಬಂತು? ಮೂರು ಪ್ರಶ್ನೆ ನೆನಪಿಸಿಕೊಳ್ಳಿರಿ.

ಇನ್ನೊಂದು ಮಾತು. ಮೆಣಸಿನಕಾಯಿ ನಮ್ಮ ದೇಶದ ಬೆಳೆಯಲ್ಲ. ಅದರ ತವರು ಅಮೆರಿಕಾ ಖಂಡ. ಪೋರ್ತುಗೀಸರ ಹಡಗುಗಳ ಮೂಲಕವೇ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಕರಿಮೆಣಸು ಒಯ್ಯಲು ಬಂದವರು ಮೆಣಸಿನಕಾಯಿ ಕೊಟ್ಟು ಹೋದರು! ಬ್ಯಾಡಗಿ ಮೆಣಸಿನಕಾಯಿ ಇಲ್ಲದ ನಮ್ಮ ಊಟ ನೆನೆಸಿಕೊಂಡರೆ ಈ ಸಮುದ್ರ ನಮಗೆ ಎಷ್ಟು ಹತ್ತಿರ ಎಂದು ಗೊತ್ತಾಗುತ್ತದೆ.

(ಎಚ್ಚರಿಕೆ: ಬಾವಿ ಬಗ್ಗಿ ನೋಡಬಾರದು. ಗೋಡೆಯ ಅಂಚಿನ ಮೇಲೆ ಓಡಬಾರದು. ಕಲ್ಲಿನ ಮೇಲೆ ಹೆಸರು ಕೊರೆಯಬಾರದು.)

೪. ಕುಮಟಾ: ಹತ್ತಿ

ಈಗ ಕುಮಟಾಕ್ಕೆ ಬಂದೆವು. ಸಮುದ್ರದ ಬದಿಗೆ ಹೆಡ್ ಬಂದರ್ ಎಂಬ ಗುಡ್ಡದ ಮೇಲೆ ನಿಂತರೆ ಅರಬ್ಬಿ ಸಮುದ್ರ ಕಾಣುತ್ತದೆ. ಇಲ್ಲಿ ಕೋಟೆ ಇಲ್ಲ, ಅರಮನೆ ಇಲ್ಲ. ಆದರೆ ನಮ್ಮ ಸೀಮೆಯವರು ಮುಖ್ಯವಾಗಿ ನೋಡಬೇಕಾದ ಜಾಗ ಇದೇ.

೧೯ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಈ ಬಂದರಿಗೆ ಇಳಿಯುತ್ತಿತ್ತು. ಇಲ್ಲಿಂದ ಹಾಯಿ ಕಟ್ಟಿದ ಪತ್ತೇಮಾರಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ದೊಡ್ಡ ಹಡಗಿನಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ. ನಮ್ಮ ಎರಿ ಹೊಲದ ಜವಾರಿ ಹತ್ತಿಗೆ ಮುಂಬಯಿ ಪೇಟೆಯಲ್ಲಿ ಯಾವ ಹೆಸರು ಗೊತ್ತೇನು? "ಕುಮಟಾ ಹತ್ತಿ"! ಬೆಳೆದವರು ನಾವು, ಹೆಸರು ಹಡಗು ಹತ್ತಿಸಿದ ಊರಿನದು. ೧೮೪೦ರ ದಶಕದಲ್ಲಿ ಅಮೆರಿಕಾದ ಬೀಜ ತಂದು ಇಲ್ಲಿ ಬೆಳೆಸಿದ ಹತ್ತಿಗೆ ಮಾತ್ರ "ಧಾರವಾಡ–ಅಮೆರಿಕನ್" ಅಂತ ನಮ್ಮ ಊರಿನ ಹೆಸರು ಸಿಕ್ಕಿತು.

ಸಾಗಣೆ ಸುಲಭ ಇರಲಿಲ್ಲ. ನಮ್ಮಲ್ಲಿ ಜವಾರಿ ಹತ್ತಿ ಬಿತ್ತುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಬಿಡಿಸುವುದು ಫೆಬ್ರುವರಿ ಮೇಲೆ. ಜೂನಿನಲ್ಲಿ ಮಳೆಗಾಲ ಹಿಡಿದರೆ ಹಾಯಿ ನಾವೆಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಅಂದರೆ ಹತ್ತಿ ಬಿಡಿಸಿ, ಕಾಳು ತೆಗೆದು, ಅಂಡಿಗೆ ಕಟ್ಟಿ, ಘಟ್ಟ ಇಳಿಸಿ, ನಾವೆ ಏರಿಸುವುದೆಲ್ಲ ಮೂರು ನಾಲ್ಕು ತಿಂಗಳಲ್ಲಿ ಮುಗಿಯಬೇಕು. ತಪ್ಪಿದರೆ ಮಾಲು ಮಳೆಗಾಲ ಕಳೆಯುವ ತನಕ ಬಿದ್ದಿರುತ್ತಿತ್ತು. ದೇವಿಮನೆ ಘಟ್ಟದ ದಾರಿ ಈ ವ್ಯಾಪಾರದ ದಾರಿ. ಅದಕ್ಕೇ ಬರುವಾಗ ಅದೇ ದಾರಿ ಹಿಡಿಯಿರಿ ಅಂತ ಮೇಲೆ ಬರೆದದ್ದು. ಗಾಡಿಯಲ್ಲಿ ಕುಂತು ಒಂದೊಂದು ತಿರುವಿನಲ್ಲೂ ಹೇರು ಹೊತ್ತ ಎತ್ತುಗಳನ್ನು ನೆನೆಸಿಕೊಳ್ಳಿರಿ.

೧೮೬೧ರಿಂದ ೧೮೬೫ರವರೆಗೆ ಅಮೆರಿಕಾದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತುಹೋಯಿತು. ಗಿರಣಿಯವರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು, ದರ ಏರಿತು. ಆಸೆಗೆ ಬಿದ್ದ ಕೆಲವರು ಹತ್ತಿಯಲ್ಲಿ ಕಸಕಡ್ಡಿ ಬೆರೆಸಿ ತೂಕ ಹೆಚ್ಚಿಸುತ್ತಿದ್ದರು. ಅದನ್ನು ತಡೆಯಲು ಮುಂಬಯಿ ಸರಕಾರ ೧೮೬೩ರಲ್ಲಿ ಕಾಯದೆಯನ್ನೇ ಮಾಡಿತು. ಯುದ್ಧ ಮುಗಿದ ಕೂಡಲೇ ದರ ಕುಸಿಯಿತು. ಯುದ್ಧ ಯಾರದೋ, ನಷ್ಟ ನಮ್ಮ ರೈತರದು. ಪೇಟೆಯ ದರ ದೂರದ ದೇಶದಾಗ ನಿರ್ಧಾರ ಆಗೋದು ಇವತ್ತಿನ ಸಂಗತಿ ಅಲ್ಲ.

ಹತ್ತಿ ನಕಾಶೆಯನ್ನೂ ಬದಲಿಸಿತು. ಉತ್ತರ ಕನ್ನಡ ಜಿಲ್ಲೆ ಮೊದಲು ಮದ್ರಾಸ್ ಪ್ರಾಂತದಲ್ಲಿತ್ತು. ಕಾರವಾರವನ್ನು ಹತ್ತಿಯ ಬಂದರು ಮಾಡಬೇಕೆಂದು ಮುಂಬಯಿ ವ್ಯಾಪಾರಿಗಳು ಒತ್ತಾಯ ಮಾಡಿದರು. ೧೮೬೨ರಲ್ಲಿ ಜಿಲ್ಲೆಯನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹೀಗಾಗಿ ೧೯೫೬ರಲ್ಲಿ ರಾಜ್ಯ ಒಂದಾಗುವ ತನಕ ಧಾರವಾಡವೂ ಕಾರವಾರವೂ ಒಂದೇ ಆಡಳಿತದಲ್ಲಿ ಉಳಿದವು.

೫. ಬಂದರು ಯಾಕ ಸುಮ್ಮನಾಯಿತು?

೧೮೮೦ರ ದಶಕದಲ್ಲಿ ರೈಲು ಬಂತು. ಹುಬ್ಬಳ್ಳಿ, ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಗೋವಾದ ಮಾರ್ಮಗೋವಾ ಬಂದರಿಗೆ ಹಳಿ ಕೂಡಿತು. ಅಂಡಿಗೆಗಳು ಎತ್ತಿನ ಬದಲು ರೈಲು ಏರಿದವು. ಕುಮಟಾ, ಕಾರವಾರದ ಹತ್ತಿ ವ್ಯಾಪಾರ ಇಳಿದುಹೋಯಿತು. ಸೈನ್ಯ ಬಂದು ಮುರಿದ ಕೋಟೆಗಳ ಬಗ್ಗೆ ಪುಸ್ತಕದಲ್ಲಿ ಓದುತ್ತೇವೆ. ಹಳಿ ಬೇರೆ ಕಡೆ ಹೋದದ್ದಕ್ಕೆ ಸುಮ್ಮನಾದ ಬಂದರನ್ನು ಇಲ್ಲಿ ನೋಡುತ್ತೇವೆ.

ಆ ಹತ್ತಿಯೂ ಈಗ ಅಪರೂಪ. ೧೯೭೨ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲೇ ವರಲಕ್ಷ್ಮಿ ಎಂಬ ಸಂಕರಣ ತಳಿ ತಯಾರಾಯಿತು. ಅದು ಜಗತ್ತೇ ಗಮನಿಸಿದ ಕೆಲಸ. ಆಮೇಲೆ ಜಯಲಕ್ಷ್ಮಿ ಬಂತು, ೨೦೦೨ರ ನಂತರ ಬಿಟಿ ಹತ್ತಿ ಬಂತು. ಜವಾರಿ ಹತ್ತಿ, ಅದೇ ಜಾತಿಯ ಜಯಧರ ತಳಿ ಬೆಳೆಯುವ ಹೊಲ ಕಡಿಮೆ ಆದವು.

ಮಿರ್ಜಾನ ಕೋಟೆಯನ್ನು ಕಾಯಲು ಸರಕಾರದ ಇಲಾಖೆ ಐತಿ. ಹತ್ತಿಯ ಇತಿಹಾಸಕ್ಕೆ ಕೋಟೆ ಇಲ್ಲ, ಕಾವಲುಗಾರ ಇಲ್ಲ. ಅದು ನಮ್ಮ ಅಜ್ಜ ಅಜ್ಜಿಯರ ನೆನಪಿನಲ್ಲಿ, ಅಟ್ಟದ ಮೇಲಿನ ಹಳೆಯ ಲೆಕ್ಕದ ಪುಸ್ತಕದಲ್ಲಿ, ಮುಚ್ಚಿದ ಜಿನ್ನಿನ ಗೋಡೆಯಲ್ಲಿ ಐತಿ. ಅವರು ಹೇಳುವಷ್ಟರೊಳಗೆ ನಾವು ಕೇಳಿ ಬರೆದುಕೊಳ್ಳಬೇಕು. ಪ್ರವಾಸದ ಚೀಟಿ ಹಚ್ಚುವ ಮೊದಲೇ ಈ ಕೆಲಸ ಶುರು ಮಾಡಬಹುದು. ಇದಕ್ಕೆ ಬಾಡಿಗೆ ಗಾಡಿ ಬೇಕಾಗಿಲ್ಲ.

ಕಠಿಣ ಪದಗಳು

ಅಳಿವೆ – ನದಿ ಸಮುದ್ರ ಸೇರುವ ಜಾಗ
ಭರತ – ಸಮುದ್ರದ ನೀರು ಏರುವುದು
ಪತ್ತೇಮಾರಿ – ಸರಕು ಸಾಗಿಸುವ ಹಾಯಿ ನಾವೆ
ಆಗರ – ಉಪ್ಪು ಬೆಳೆಯುವ ಮಡಿಗಳ ಜಾಗ

ಅಭ್ಯಾಸ

೧. ಧಾರವಾಡದ ಹತ್ತಿಗೆ ಕುಮಟಾ ಎಂಬ ಹೆಸರು ಯಾಕೆ ಬಂತು?
೨. ಜೂನ್ ತಿಂಗಳಿಗೂ ಹತ್ತಿ ವ್ಯಾಪಾರಕ್ಕೂ ಏನು ಸಂಬಂಧ?
೩. ಚಿರೆಕಲ್ಲು, ಬಳಪದ ಕಲ್ಲು: ಎರಡು ವ್ಯತ್ಯಾಸ ಬರೆಯಿರಿ.
೪. ಅಂಕೋಲಾದಿಂದ ಕುಮಟಾದವರೆಗಿನ ನಕಾಶೆ ಬರೆದು ಅಘನಾಶಿನಿ ನದಿ, ಸಾಣಿಕಟ್ಟಾ, ಮಿರ್ಜಾನ ಗುರುತಿಸಿರಿ.
೫. ನಿಮ್ಮ ಮನೆಯ ಹಿರಿಯರನ್ನು ಕೇಳಿರಿ: "ಅಜ್ಜಾ, ನಿಮ್ಮ ಕಾಲದಾಗ ನಮ್ಮ ಹತ್ತಿ ಯಾವ ಊರಿಗೆ ಹೋಗತಿತ್ತು? ಯಾವುದರ ಮ್ಯಾಲೆ ಹೋಗತಿತ್ತು?" ಉತ್ತರವನ್ನು ಅವರ ಮಾತಿನಲ್ಲೇ ಬರೆದು ಕೊಡಿರಿ. ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಹಚ್ಚೋಣ.