ಬಲ್ಬಿನ ಮೇಲಿನ ನಕ್ಷತ್ರಗಳು

ಹಂಸಭಾವಿಯ ಅಂಗಡಿಗೆ ಬಲ್ಬು ಕೊಳ್ಳಲು ಹೋದವರನ್ನು ಅಂಗಡಿಯವರು ಮೊದಲು ಕೇಳುವುದು, “ಎಷ್ಟು ವಾಟಿಂದು ಬೇಕ್ರೀ?” ಎಂದು. ಈ ಪ್ರಶ್ನೆಯಲ್ಲಿಯೇ ಒಂದು ತಪ್ಪು ತಿಳಿವಳಿಕೆ ಅಡಗಿದೆ. ವಾಟ್ ಎಂಬುದು ದೀಪವು ಪ್ರತಿ ಸೆಕೆಂಡಿಗೆ ನುಂಗುವ ಶಕ್ತಿಯ ಅಳತೆಯೇ ಹೊರತು, ಅದು ಕೊಡುವ ಬೆಳಕಿನ ಅಳತೆಯಲ್ಲ. ಬೆಳಕಿನ ಅಳತೆಗೆ ಲ್ಯೂಮೆನ್ ಎಂದು ಹೆಸರು. ಒಂದು ವಾಟಿಗೆ ಎಷ್ಟು ಲ್ಯೂಮೆನ್ ದೊರೆಯುತ್ತದೆ ಎಂಬುದೇ ದೀಪದ ದಕ್ಷತೆ.

ಹಳೆಯ ತಂತುದೀಪವನ್ನು ಪರಿಶೀಲಿಸೋಣ. ಅದರ ಟಂಗ್‌ಸ್ಟನ್ ತಂತಿಯು ಸುಮಾರು 2,700 ಕೆಲ್ವಿನ್‌ವರೆಗೆ ಕಾದು ಬೆಳಗುತ್ತದೆ. ವೀನ್‌ನ ನಿಯಮದಂತೆ 2,898ನ್ನು ಈ ಉಷ್ಣತೆಯಿಂದ ಭಾಗಿಸಿದರೆ, ವಿಕಿರಣವು ಅತ್ಯಧಿಕವಾಗಿರುವ ಅಲೆಯುದ್ದ ದೊರೆಯುತ್ತದೆ: ಸುಮಾರು 1.07 ಮೈಕ್ರೊಮೀಟರ್. ನಮ್ಮ ಕಣ್ಣಿಗೆ ಕಾಣುವುದಾದರೋ 0.4ರಿಂದ 0.7ರವರೆಗೆ ಮಾತ್ರ. ಆದುದರಿಂದ ಶಕ್ತಿಯ ಬಹುಭಾಗವು ಕಾಣದ ಶಾಖಕಿರಣವಾಗಿ ಹೋಗುತ್ತದೆ. ಬೆಳಕಾಗುವುದು 100ರಲ್ಲಿ ಸುಮಾರು 5 ಪಾಲು. ಇನ್ನೂ ಹೆಚ್ಚು ಕಾಯಿಸೋಣವೆಂದರೆ ತಂತಿಯು ಬೇಗನೆ ಸವೆದು ತುಂಡಾಗುತ್ತದೆ.

ಎಲ್‌ಇಡಿಯ ಮಾರ್ಗವೇ ಬೇರೆ. ಅರೆವಾಹಕದಲ್ಲಿ ಇಲೆಕ್ಟ್ರಾನು ರಂಧ್ರದೊಡನೆ ಕೂಡುವಾಗ ಶಕ್ತಿಯು ನೇರವಾಗಿ ಬೆಳಕಾಗುತ್ತದೆ. ಆ ನೀಲಿ ಬೆಳಕಿನ ಒಂದಂಶವನ್ನು ಮೇಲಣ ಲೇಪವು ಹಳದಿಗೆ ತಿರುಗಿಸಲು, ಎರಡೂ ಬೆರೆತು ಬಿಳುಪಾಗಿ ತೋರುತ್ತದೆ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮರುವರ್ಷವೇ ಕರ್ನಾಟಕದಲ್ಲಿ ‘ಹೊಸ ಬೆಳಕು’ ಯೋಜನೆಯ ಮೂಲಕ 9 ವಾಟಿನ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಬಂದವು.

ಆದರೆ ಎಲ್ಲ ಎಲ್‌ಇಡಿಗಳೂ ಸಮಾನವಲ್ಲ. ವಾಟಿಗೆ 80 ಲ್ಯೂಮೆನ್ ಕೊಡುವ 9 ವಾಟಿನ ಬಲ್ಬಿನಿಂದ 720 ಲ್ಯೂಮೆನ್ ದೊರೆತರೆ, 100 ಕೊಡುವುದರಿಂದ 900 ದೊರೆಯುತ್ತದೆ. ಮೀಟರು ಓಡುವುದು ಒಂದೇ ಸಮನೆ! ಕೊಳ್ಳುವವನಿಗೆ ಈ ಭೇದ ಕಾಣಲೆಂದೇ ನಿಯಮ ಬೇಕಾಯಿತು. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಮೇರೆಗೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೊ ಸ್ಥಾಪಿತವಾಯಿತು. 2018ರಿಂದ ಎಲ್‌ಇಡಿ ಬಲ್ಬುಗಳಿಗೆ ಅದರ ನಕ್ಷತ್ರಚೀಟಿ ಕಡ್ಡಾಯವಾಗಿದೆ. ನಕ್ಷತ್ರಗಳು ಒಂದರಿಂದ ಐದು; ಹೆಚ್ಚಿದಷ್ಟೂ ದಕ್ಷತೆ ಹೆಚ್ಚು.

60 ವಾಟಿನ ತಂತುದೀಪವನ್ನು ದಿನಕ್ಕೆ 5 ಗಂಟೆಯಂತೆ 30 ದಿನ ಉರಿಸಿದರೆ 9 ಯೂನಿಟ್ ವೆಚ್ಚ. ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್‌ಇಡಿಗೆ 1.35 ಯೂನಿಟ್. ಉಳಿತಾಯ 7.65. ವಿದ್ಯಾರ್ಥಿಗಳು ತಮ್ಮ ಮನೆಯ ದೀಪಗಳನ್ನೆಣಿಸಿ ಈ ಲೆಕ್ಕವನ್ನು ಮಾಡಿ ನೋಡಬೇಕು. ಸರಕಾರವು ಚೀಟಿಯನ್ನು ಅಂಟಿಸುವಂತೆ ಮಾಡಬಹುದು. ಅದನ್ನು ಓದಿ ಕೊಳ್ಳುವ ಹೊಣೆ ನಮ್ಮದು. ಇನ್ನು ಮುಂದೆ ಅಂಗಡಿಯಲ್ಲಿ, “ಎಷ್ಟು ಲ್ಯೂಮೆನ್?” ಎಂದು ಕೇಳೋಣ.