ಇಳಿಜಾರಿನಲ್ಲಿ ಟ್ರೇಲರ್ ನಿಲ್ಲಿಸುವ ಮುನ್ನ

ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಎಲ್ಕ್‌ಮಾಂಟ್ ಕ್ಯಾಂಪ್‌ಗ್ರೌಂಡಿಗೆ ಬಾಡಿಗೆ ಟ್ರೇಲರ್ ಎಳೆದುಕೊಂಡು ಹೊರಟಿದ್ದೀರಾ? ಜಾಗ ಕಾದಿರಿಸುವಾಗಲೇ ಅರ್ಧ ಕೆಲಸ ಮುಗಿಸಿಕೊಳ್ಳಿ. ಅಲ್ಲಿ 32 ಅಡಿಗಿಂತ ಉದ್ದದ ಟ್ರೇಲರ್ ಬಿಡುವುದಿಲ್ಲ. ಕರೆಂಟು, ನೀರಿನ ಸಂಪರ್ಕವೂ ಇಲ್ಲ. ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಸೈಟುಗಳ ಉದ್ದ, ಇಳಿಜಾರಿನ ವಿವರ ಸಿಗುತ್ತದೆ. ಮೊದಲ ಸಲ ಹೋಗುವವರಿಗೆ ತೊರೆ ಪಕ್ಕದ ಚಂದದ ಜಾಗಕ್ಕಿಂತ ಸಮತಟ್ಟಾದ ಜಾಗವೇ ಲೇಸು. ಬೆಳಕಿರುವಾಗಲೇ ತಲುಪಿ.

ಅಮೆರಿಕದ ಬಹುತೇಕ ಟ್ರೇಲರ್‌ಗಳಿಗೆ ಹ್ಯಾಂಡ್‌ಬ್ರೇಕ್ ಇರುವುದಿಲ್ಲ. ಬ್ರೇಕು ಹಿಡಿಯುವುದು ಎಳೆಯುವ ಗಾಡಿಯಿಂದ. ಕೊಂಡಿ ಕಳಚಿದ ಮೇಲೆ ಅಷ್ಟು ಭಾರವನ್ನು ಇಳಿಜಾರಿನಲ್ಲಿ ತಡೆಯುವುದು ಗಾಲಿಗೆ ಕೊಟ್ಟ ಅಡೆ ಮಾತ್ರ. ಘಾಟಿಯಲ್ಲಿ ಲಾರಿ ನಿಂತ ಕೂಡಲೇ ಕ್ಲೀನರ್ ಇಳಿದು ಗಾಲಿಗೆ ಕಲ್ಲು ಕೊಡುತ್ತಾನಲ್ಲ, ಅದೇ ಎಚ್ಚರ ಇಲ್ಲಿಯೂ ಬೇಕು.

ಮೊದಲು ಎಡ-ಬಲ ಸರಿಪಡಿಸಿ, ಅದೂ ಕೊಂಡಿ ಕಳಚುವ ಮುಂಚೆ. ಒಳಗೆ ನೆಲದ ಮೇಲೆ ರಸಮಟ್ಟ ಅಡ್ಡಕ್ಕಿಟ್ಟು ನೋಡಿ, ತಗ್ಗಿನ ಬದಿಯ ಗಾಲಿಗಳನ್ನು ಲೆವೆಲಿಂಗ್ ಬ್ಲಾಕ್ ಮೇಲೆ ಹತ್ತಿಸಿ. ಜೋಡಿ ಆಕ್ಸಲ್ ಇದ್ದರೆ ಆ ಬದಿಯ ಎರಡೂ ಗಾಲಿ ಏರಬೇಕು. ಟಯರು ಬ್ಲಾಕಿನ ಅಂಚು ದಾಟಿ ಚಾಚಬಾರದು.

ಆಮೇಲೆ ಅಡೆ. ಎರಡೂ ಬದಿಗೆ, ಗಾಲಿಯ ಹಿಂದೆ-ಮುಂದೆ, ಟಯರಿಗೆ ಒತ್ತಿ ಇಡಿ. ಡಾಂಬರಿನ ಮೇಲೆ ಹಗುರ ಪ್ಲಾಸ್ಟಿಕ್ ಅಡೆ ಜಾರುತ್ತದೆ, ಭಾರದ ರಬ್ಬರಿನದು ಕಚ್ಚಿ ಹಿಡಿಯುತ್ತದೆ. ಜೋಡಿ ಗಾಲಿಗಳ ನಡುವೆ ಬಿಗಿಯುವ ಎಕ್ಸ್-ಚಾಕ್ ಅಲುಗಾಟ ತಗ್ಗಿಸುತ್ತದೆ, ಆದರೆ ಅದನ್ನೊಂದೇ ನಂಬಬೇಡಿ. ಈಗ ಗಾಡಿಯ ಬ್ರೇಕನ್ನು ಮೆಲ್ಲಗೆ ಬಿಟ್ಟು, ಟ್ರೇಲರಿನ ಭಾರ ಅಡೆಗೆ ಒರಗಿ ನಿಂತಿತೇ ನೋಡಿ. ನಿಂತಿತೆಂದರೆ ಗಾಡಿಗೆ ಪಾರ್ಕಿಂಗ್ ಬ್ರೇಕ್ ಹಾಕಿ, ಮುಂದಿನ ಜಾಕ್ ತಿರುಗಿಸಿ ಕೊಂಡಿಯನ್ನು ಗಾಡಿಯ ಹಿಚ್ ಗುಂಡಿನಿಂದ ಎತ್ತಿ. ಸುರಕ್ಷಾ ಸರಪಳಿ ಇನ್ನೂ ಗಾಡಿಗೇ ಇರಲಿ. ಟ್ರೇಲರ್ ಕದಲಲಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಬಿಚ್ಚಿ. ಇಷ್ಟೂ ಹೊತ್ತು ಇಳಿಜಾರಿನ ಕೆಳಬದಿಯಲ್ಲಿ ಯಾರೂ, ಮುಖ್ಯವಾಗಿ ಮಕ್ಕಳು, ನಿಲ್ಲಕೂಡದು.

ಹಿಂದೆ-ಮುಂದಿನ ಮಟ್ಟವನ್ನು ಅದೇ ಜಾಕಿನಿಂದ ಸರಿಮಾಡಿ. ಮೂಲೆಯ ಸ್ಟೆಬಿಲೈಸರ್‌ಗಳು ಅಲುಗಾಟ ತಡೆಯಲಿಕ್ಕೆ, ಭಾರ ಎತ್ತಲಿಕ್ಕಲ್ಲ. ಗ್ಯಾಸಿನ ಅಬ್ಸಾರ್ಪ್ಶನ್ ಫ್ರಿಜ್ ಇದ್ದರೆ ಮಟ್ಟ ಇನ್ನೂ ಮುಖ್ಯ: ವಾಲಿದ ಸ್ಥಿತಿಯಲ್ಲಿ ಓಡಿಸಿದರೆ ಅದರೊಳಗಿನ ಅಮೋನಿಯಾ ದ್ರಾವಣ ಸರಿಯಾಗಿ ಹರಿಯದೆ ಕೊಳವೆ ಕಾದು ಕೆಡುತ್ತದೆ.

ಹೊರಡುವ ದಿನ ಕೊಂಡಿ, ಸರಪಳಿ ಮೊದಲು. ಅಡೆ ತೆಗೆಯುವುದು ಕಟ್ಟಕಡೆಗೆ.

ಎಷ್ಟು ಬ್ಲಾಕ್ ಪೇರಿಸಿದರೂ ಮಟ್ಟ ಬರದಿದ್ದರೆ ಹಟ ಹಿಡಿಯಬೇಡಿ. ಕ್ಯಾಂಪ್‌ಗ್ರೌಂಡಿನ ಕಚೇರಿಗೆ ಹೋಗಿ ಬೇರೆ ಸೈಟು ಖಾಲಿ ಇದೆಯೇ ಎಂದು ಕೇಳಿ.