ಬಾಟಲಿಯ ನೀರಿನ ನಿಜವಾದ ಬೆಲೆ

ಊರಿನಲ್ಲಿ ಬಾವಿಯ ನೀರು ಸೇದಿ ಕುಡಿದು ಬೆಳೆದವರಿಗೆ ನೀರೂ ಒಂದು ದಿನ ಅಂಗಡಿಯ ಸರಕಾದೀತೆಂಬುದು ಕಲ್ಪನೆಗೂ ನಿಲುಕದ ಮಾತಾಗಿತ್ತು. ಇಂದು ಮುಂಬಯಿಯ ಕನ್ನಡಿಗರ ಸಭೆ, ಮುಂಜಿ, ಮದುವೆಗಳಲ್ಲಿಯೂ ಬಾಟಲಿಯ ನೀರನ್ನೇ ಹಂಚುವುದು ಮರ್ಯಾದೆಯೆನಿಸಿದೆ. ಬಾಟಲಿಯ ಮೇಲೆ ಅಚ್ಚಾದ ಬೆಲೆಯನ್ನು ಕೊಳ್ಳುವವನು ತೆರುತ್ತಾನೆ. ಅಚ್ಚಾಗದ ಇನ್ನೊಂದು ಬೆಲೆಯಿದೆ. ಅದನ್ನು ಪರಿಸರವು ತೆರುತ್ತದೆ.

ಮೊದಲು ನಳದ ನೀರಿನ ಲೆಕ್ಕವನ್ನು ನೋಡೋಣ. ಮುಂಬಯಿಗೆ ವಿಹಾರ ಕೆರೆಯ ನೀರು 1860ರಲ್ಲಿ, ತಾನ್ಸಾದ ನೀರು 1892ರಲ್ಲಿ ಬಂದಿತು. ಮುಂದೆ ವೈತರಣಾ, ಭಾತ್ಸಾ ಜಲಾಶಯಗಳು ಸೇರಿದವು. ತಾನ್ಸಾ, ವೈತರಣಾ ನೀರು ಬಹುತೇಕ ಇಳಿಜಾರಿನ ಬಲದಿಂದಲೇ ಹರಿದುಬರುತ್ತದೆ. ಭಾಂಡುಪದ ಶುದ್ಧೀಕರಣ ಕೇಂದ್ರದಲ್ಲಿ ಕೆಸರು ತಳಕ್ಕಿಳಿಯುತ್ತದೆ. ಬಳಿಕ ನೀರನ್ನು ಸೋಸಿ ಕ್ಲೋರಿನ್ ಬೆರೆಸಲಾಗುತ್ತದೆ. ಬಾಟಲಿಯೊಂದಕ್ಕೆ ಕೊಡುವ ಬೆಲೆಗೆ ಮಹಾನಗರಪಾಲಿಕೆಯ ಮನೆಬಳಕೆಯ ಮೂಲದರದಲ್ಲಿ ಸಾವಿರ ಲೀಟರಿಗೂ ಮಿಕ್ಕಿ ನೀರು ದೊರೆಯುತ್ತದೆ.

ಇನ್ನು ಬಾಟಲಿಯ ಲೆಕ್ಕ. ಪೆಟ್ ಎಂಬ ಅದರ ಪ್ಲಾಸ್ಟಿಕ್ ಪೆಟ್ರೋಲಿಯಮ್ಮಿನಿಂದ ಹುಟ್ಟುತ್ತದೆ. ಅದನ್ನು ತಯಾರಿಸಿ, ತುಂಬಿ, ಲಾರಿಯಲ್ಲಿ ಸಾಗಿಸಿ, ತಂಪಾಗಿಡುವವರೆಗೆ ಲೀಟರೊಂದಕ್ಕೆ 5.6ರಿಂದ 10.2 ಮೆಗಾಜೂಲ್ ಶಕ್ತಿ ವ್ಯಯವಾಗುತ್ತದೆಂದು ಅಮೆರಿಕದ ಗ್ಲೀಕ್ ಮತ್ತು ಕೂಲಿ ಎಂಬ ತಜ್ಞರು 2009ರಲ್ಲಿ ಲೆಕ್ಕ ಹಾಕಿದರು. ಇದು ಅಲ್ಲಿಯ ನಳದ ನೀರಿಗೆ ತಗಲುವ ಶಕ್ತಿಯ ಎರಡು ಸಾವಿರ ಪಟ್ಟಿನವರೆಗೆ ಆಗುತ್ತದೆ. ದಿನಕ್ಕೆ ಎಂಟು ಲೀಟರ್ ಕುಡಿಯುವ ನಾಲ್ವರ ಕುಟುಂಬವು ಬಾಟಲಿಯನ್ನೇ ನಂಬಿದರೆ ವರ್ಷಕ್ಕೆ 2,920 ಬಾಟಲಿಗಳು. ಒಂದಕ್ಕೆ 20 ಗ್ರಾಮಿನಂತೆ 58 ಕಿಲೋ ಪ್ಲಾಸ್ಟಿಕ್! ಚಿಂದಿ ಆಯುವವರ ಕೈಗೆ ಸಿಕ್ಕಿದ್ದು ಮರುಬಳಕೆಗೆ ಹೋಗುತ್ತದೆ; ಸಿಗದುದು ಗಟಾರ, ಖಾಡಿಗಳನ್ನು ಸೇರುತ್ತದೆ.

“ಆರೋಗ್ಯಕ್ಕಿಂತ ಹಣ ಹೆಚ್ಚೇ?” ಎಂಬ ಪ್ರಶ್ನೆ ಸಹಜವೇ. ಮಳೆಗಾಲದಲ್ಲಿ ಸೋರುವ ಕೊಳವೆಯೊಳಗೆ ಕೊಳೆನೀರು ಸೇರಿ ಕಾಮಾಲೆ, ವಾಂತಿಭೇದಿಗಳು ಬರುವುದುಂಟು. ಆದರೆ ಶುದ್ಧವಾಗಿ ಹೊರಟ ನೀರು ಅನೇಕ ವೇಳೆ ಕೆಡುವುದು ಕಟ್ಟಡದ ಟಾಂಕಿಯಲ್ಲಿಯೇ. ಅದನ್ನು ಕಾಲಕಾಲಕ್ಕೆ ತೊಳೆಸಿ, ಮುಚ್ಚಳ ಭದ್ರಪಡಿಸುವುದು ಸೊಸೈಟಿಯ ಹೊಣೆ. ನೀರು ಕೊತಕೊತನೆ ಒಂದು ನಿಮಿಷ ಕುದಿದರೆ ರೋಗಾಣುಗಳು ಸಾಯುತ್ತವೆ. ಒಲೆಯ ಶಾಖದಲ್ಲಿ ಅರ್ಧ ವ್ಯರ್ಥವಾಯಿತೆಂದು ಹಿಡಿದರೂ ಲೀಟರೊಂದನ್ನು ಕುದಿಸಲು ಸುಮಾರು 0.6 ಮೆಗಾಜೂಲ್ ಸಾಕು; ಬಾಟಲಿಯ ಕನಿಷ್ಠ ವೆಚ್ಚದ ಹತ್ತನೆಯ ಒಂದಂಶ ಮಾತ್ರ! ಬಾಟಲಿಯ ನೀರಾದರೂ ನಿರ್ದೋಷವಲ್ಲ. ಅದರ ಲೀಟರೊಂದರಲ್ಲಿ ಸರಾಸರಿ 2,40,000 ಪ್ಲಾಸ್ಟಿಕ್ ಸೂಕ್ಷ್ಮಕಣಗಳನ್ನು ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಕಂಡರು. ದೇಹದ ಮೇಲೆ ಅವುಗಳ ಪರಿಣಾಮವೇನೆಂಬುದು ಇನ್ನೂ ಅಧ್ಯಯನದಲ್ಲಿದೆ.

ನಳವೇ ತಲುಪದ ಬಡಾವಣೆಗಳಲ್ಲಿ ಕ್ಯಾನಿನ ನೀರು ಅನಿವಾರ್ಯ, ಅಲ್ಲಿಯವರನ್ನು ದೂಷಿಸಲಾಗದು. ಆದರೆ ನಳವಿರುವ ಮನೆಯಲ್ಲಿ ಕುದಿಸಿ ಆರಿಸಿದ ನೀರು, ಹೊರಗೆ ಹೋಗುವಾಗ ಕೈಯಲ್ಲೊಂದು ಸ್ಟೀಲಿನ ಬಾಟಲಿ, ಸಭೆಯಲ್ಲಿ ಲೋಟ ಮತ್ತು ಹೂಜಿ – ಇಷ್ಟು ಸಾಕು. ಬಂದವರಿಗೆ ಬೆಲ್ಲ, ನೀರು ಕೊಟ್ಟು ಉಪಚರಿಸಿದ ಹಿರಿಯರ ಮರ್ಯಾದೆಗೆ ಲೋಟವೇ ಸಾಕಾಗಿತ್ತು.